ತುಂಬದ ಟ್ಯಾಂಕು

ಮ್ಯಾಲಕಿ ಟಾರ್ಪಿಯ ಮನೆಯ ಸೆಪ್ಟಿಕ್ ಟ್ಯಾಂಕು ನಲವತ್ತೊಂದು ವರ್ಷಗಳಲ್ಲಿ ಒಂದೇ ಒಂದು ಸಲವೂ ತುಂಬಿರಲಿಲ್ಲ. ಈ ವಿಷಯ ನಮ್ಮ ನಾಕವೀನ್ ಗುಡ್ಡದಲ್ಲಿ ತಿಳಿಯದವರೇ ಇರಲಿಲ್ಲ. ತಿಳಿಯದೆ ಇರಲು ಮ್ಯಾಲಕಿ ಯಾರಿಗೂ ಅವಕಾಶ ಕೊಟ್ಟಿರಲಿಲ್ಲ. ಬೇರೆಯವರು ಮಗ ಡಾಕ್ಟರಾದ, ಕುದುರೆ ರೇಸಿನಲ್ಲಿ ಗೆದ್ದಿತು ಎಂದು ಹೇಳಿಕೊಂಡರೆ ಇವನು ಟ್ಯಾಂಕಿನ ಕಥೆ ತೆಗೆಯುತ್ತಿದ್ದ.

"ನಮ್ಮಪ್ಪ ಕಟ್ಟಿದ್ದು ಕಣ್ರಯ್ಯ. ಇವತ್ತಿನವರೆಗೂ ಒಂದು ಬಕೆಟ್ಟು ಹೊರಗೆ ತೆಗೆದಿಲ್ಲ. ನೀವೆಲ್ಲ ಐದು ವರ್ಷಕ್ಕೊಂದು ಸಲ ಲಾರಿ ಕರೆಸ್ತೀರಿ, ಮೂಗು ಮುಚ್ಕೊಂಡು ನಿಲ್ತೀರಿ. ನಮ್ಮದು ತಾನೇ ಜೀರ್ಣ ಮಾಡ್ಕೊಳ್ಳುತ್ತೆ!"

ನಾನು ಆ ಗುಡ್ಡದ ಅಂಚೆಯವನು. ಕೌಂಟಿ ಕಚೇರಿಯ ಕಂದು ಲಕೋಟೆಯನ್ನು ಅವನ ಕೈಗೆ ಕೊಟ್ಟವನೂ ನಾನೇ. ಐರ್ಲೆಂಡಿನ ಹಳ್ಳಿಯಲ್ಲಿ ಸರ್ಕಾರದ ಕಂದು ಲಕೋಟೆ ಬಂದರೆ ಗಂಡಸರು ಯಾರಿಗೂ ಕಾಣದಂತೆ ದನದ ಕೊಟ್ಟಿಗೆಗೆ ಹೋಗಿ ಓದುತ್ತಾರೆ. ಮ್ಯಾಲಕಿ ಬಾಗಿಲಲ್ಲೇ ನಿಂತು, ನನಗೂ ಹೆಂಡತಿ ಡಿಂಪ್ನಾಳಿಗೂ ಕೇಳುವಂತೆ ಗಟ್ಟಿಯಾಗಿ ಓದಿದ. ಬಾವಿ, ತೊರೆ, ನೆಲದಡಿಯ ನೀರು ಇವು ಕೆಡದಂತೆ ಕಾಯುವ ಕಾನೂನಿನ ಪ್ರಕಾರ, ಚೀಟಿ ಎತ್ತಿ ಆರಿಸಿದ ಮನೆಗಳಲ್ಲಿ ನಿಮ್ಮದೂ ಒಂದು; ನಿಮ್ಮ ಟ್ಯಾಂಕನ್ನು ಪರೀಕ್ಷಿಸಲು ಗುರುವಾರ ಇನ್ಸ್‌ಪೆಕ್ಟರು ಬರುತ್ತಾರೆ.

"ಆರಿಸಿದ್ದಾರೆ!" ಎಂದ ಮ್ಯಾಲಕಿ. ಕಾಗದದಲ್ಲಿ ಅವನ ಕಣ್ಣಿಗೆ ಬಿದ್ದದ್ದು ಆ ಒಂದು ಮಾತು.

ಸಂಜೆ ಪಬ್ಬಿನಲ್ಲಿ ಅವನ ಸುತ್ತ ಜನ ಸೇರಿ, ಸಾವಿನ ಮನೆಯವರನ್ನು ಮಾತಾಡಿಸುವ ದನಿಯಲ್ಲಿ ವಿಚಾರಿಸಿದರು. ಪಕ್ಕದ ಮನೆಯ ಪೇಕಿ ಹೆನಗನ್ ಎಪ್ಪತ್ತು ಕುರಿಗಳ ಒಡೆಯ. ಸರ್ಕಾರ ಅಂದರೆ ಅವನಿಗೆ ಆಗುವುದಿಲ್ಲ. "ನನ್ನ ಮನೆಗೇನಾದ್ರೂ ಬಂದಿದ್ರೆ ನಾಯಿ ಬಿಡ್ತಿದ್ದೆ" ಎಂದ.

"ನಿನಗೆ ನಾಚಿಕೆ ಆಗೋ ಟ್ಯಾಂಕು ಇದೆ, ನಾಯಿ ಬಿಡು" ಎಂದ ಮ್ಯಾಲಕಿ. "ನಾನು ಟೀ ಕೊಡ್ತೀನಿ. ನೋಡ್ತಿರು, ಪ್ರಶಸ್ತಿ ಕೊಟ್ಟು ಹೋಗ್ತಾರೆ."

ಪ್ರಶಸ್ತಿಯ ಮಾತು ಪಬ್ಬಿನಿಂದ ಚರ್ಚಿಗೆ, ಚರ್ಚಿನಿಂದ ಮನೆಮನೆಗೆ ಹೋಗಿ ಮೂರನೆಯ ದಿನ ಡಿಂಪ್ನಾಳ ಕಿವಿಗೆ ಸಮಾರಂಭವಾಗಿ ಬಂದು ಮುಟ್ಟಿತು. ನಮ್ಮ ಕಡೆ ಹೊರಗಿನ ದೊಡ್ಡವರು ಮನೆಗೆ ಬರುತ್ತಾರೆಂದರೆ ಗೋಡೆಗೆ ಬಣ್ಣ ಆಗಲೇಬೇಕು. ಡಿಂಪ್ನಾ ಮುಂಬಾಗಿಲಿಗೆ ಬಣ್ಣ ಬಳಿದಳು, ಮದುವೆಯ ಪಿಂಗಾಣಿ ಕಪ್ಪುಗಳನ್ನು ಇಳಿಸಿದಳು. ಆಮೇಲೆ, "ಟ್ಯಾಂಕಿನ ಮುಚ್ಚಳಕ್ಕೂ ಒಂದು ಕೈ ಬಳಿದುಬಿಡಿ. ಎಲ್ಲಿದೆ ಅದು?" ಎಂದು ಕೇಳಿದಳು.

ಮ್ಯಾಲಕಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಹೊಗಳಿದ ವಸ್ತುವನ್ನು ಅವನು ಒಂದು ದಿನವೂ ನೋಡಿರಲಿಲ್ಲ. ಹಾರೆ ಹಿಡಿದು ಹುಲ್ಲುಹಾಸಿನ ತುಂಬ ಚುಚ್ಚಿದ. ಎರಡು ದಿನ ಚುಚ್ಚಿ ನೀರಿನ ಪೈಪು ಒಡೆದ ಮೇಲೆ, ಗುಡ್ಡದ ಬುಡದಲ್ಲಿದ್ದ ತನ್ನ ಸೋದರತ್ತೆ ಕನ್ಸೆಪ್ಟಾಳನ್ನು ಕೇಳಲು ಹೋದ. ಅತ್ತೆಗೆ ಎಂಬತ್ತಾರು. ತಾಯಿ ಸತ್ತ ಮೇಲೆ ಮ್ಯಾಲಕಿಯನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಇವತ್ತಿಗೂ ಅವನಿಗೆ ಬೈಯುವ ಪೂರ್ಣ ಅಧಿಕಾರ ಉಳಿಸಿಕೊಂಡವಳು.

"ಹೈಡ್ರೇಂಜಿಯಾ ಗಿಡದ ಕೆಳಗೆ ಇದೆಯಲ್ಲೋ ಪೆದ್ದ" ಎಂದಳು ಅತ್ತೆ. "ಆ ಗಿಡ ಯಾಕೆ ಎದೆಮಟ್ಟ ಬೆಳೆದಿದೆ ಅಂದ್ಕೊಂಡೆ?"

ಗಿಡ ಹೋಯಿತು, ಮುಚ್ಚಳ ಸಿಕ್ಕಿತು. ಮ್ಯಾಲಕಿ ಅದಕ್ಕೆ ಕಿಟಕಿಗೆ ಹೊಂದುವ ಕೆನೆಬಣ್ಣ ಬಳಿದ. ಆದರೂ ಮನಸ್ಸು ತುಂಬಲಿಲ್ಲ. ನಮ್ಮ ಹಳಬರಲ್ಲಿ ಒಂದು ಪದ್ಧತಿ ಇತ್ತು. ಹೊಸ ಟ್ಯಾಂಕಿಗೆ ಒಂದು ಸತ್ತ ಕೋಳಿ ಹಾಕಿದರೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಟ್ಯಾಂಕು ಬೇಗ ಕೆಲಸಕ್ಕೆ ಹತ್ತುತ್ತದೆ ಎಂಬುದು ಅವರ ನಂಬಿಕೆ. ಅಪ್ಪನೂ ಹಾಗೇ ಮಾಡಿದ್ದನಂತೆ. ಇನ್ಸ್‌ಪೆಕ್ಟರ್ ಬರುವ ಮುಂಚೆ ಇನ್ನೊಂದು ಸಲ ಹೆಪ್ಪು ಹಾಕೋಣ ಎಂದು ಮ್ಯಾಲಕಿ ತೀರ್ಮಾನಿಸಿದ. ಡಿಂಪ್ನಾ ತನ್ನ ಕೋಳಿಗಳ ಮುಂದೆ ಪೊರಕೆ ಹಿಡಿದು ನಿಂತಳು. ಕೊನೆಗೆ ಅವನು ಪೇಟೆಯ ಸೂಪರ್‌ಮಾರ್ಕೆಟ್ಟಿಗೆ ಹೋಗಿ, ಕತ್ತು ಕಾಲು ತೆಗೆದು, ಪುಕ್ಕ ಸವರಿ, ತೊಡೆಗಳನ್ನು ದಾರದಿಂದ ಕಟ್ಟಿ ಇಟ್ಟಿದ್ದ ಕೋಳಿಯೊಂದನ್ನು ತಂದು ಟ್ಯಾಂಕಿಗೆ ಇಳಿಸಿದ.

ಗುರುವಾರ ಬಂದ ಇನ್ಸ್‌ಪೆಕ್ಟರು ಒರ್ಲಾ ಗಿಲ್‌ಹೂಲಿ ಎಂಬ ಹುಡುಗಿ. ಇಪ್ಪತ್ತೆಂಟರ ವಯಸ್ಸು, ಮೊಣಕಾಲುದ್ದದ ಬೂಟು, ಕೈಯಲ್ಲೊಂದು ಉದ್ದ ಕೋಲು. ಟೀ ಆಮೇಲೆ ಕುಡಿಯುತ್ತೇನೆ ಎಂದಳು. ಬೇಲಿಯ ಆಚೆ ನಿಂತಿದ್ದ ಪೇಕಿಗೂ ನನಗೂ ಆಗಲೇ ಅನ್ನಿಸಿತು, ಇದು ಪ್ರಶಸ್ತಿ ಕೊಡುವ ಲಕ್ಷಣವಲ್ಲ. ಟೀ ಬೇಡ ಅನ್ನುವವರು ನಮ್ಮಲ್ಲಿ ಸಾಲ ವಸೂಲಿಗೆ ಬಂದವರು ಮಾತ್ರ.

ಅವಳು ಮುಚ್ಚಳ ತೆಗೆಸಿ ಕೋಲು ಇಳಿಸಿದಳು. ಕೋಲು ಹೆಚ್ಚು ಕಡಿಮೆ ಒಣಗಿಯೇ ಮೇಲೆ ಬಂತು. ಮತ್ತೆ ಇಳಿಸಿ ತಿರುಗಿಸಿ ಎತ್ತಿದಳು. ಈ ಸಲ ಕೋಳಿ ಬಂತು.

"ಇದೇನು?"

"ಕೋಳಿ" ಎಂದ ಮ್ಯಾಲಕಿ.

"ಕೋಳಿ ಅಂತ ಕಾಣ್ತಿದೆ. ಇಲ್ಲೇನು ಮಾಡ್ತಿದೆ?"

"ಈಗಿನ್ನೂ ಕೆಲಸಕ್ಕೆ ಸೇರಿದೆ."

ಒರ್ಲಾ ಕೋಳಿಯನ್ನು ಮೆತ್ತಗೆ ಹುಲ್ಲಿನ ಮೇಲಿಟ್ಟಳು. "ಈ ಟ್ಯಾಂಕು ಯಾವತ್ತಾದ್ರೂ ತುಂಬಿದೆಯಾ?"

ಮ್ಯಾಲಕಿ ಕಾಯುತ್ತಿದ್ದ ಪ್ರಶ್ನೆ. ಎದೆ ಮುಂದೆ ಮಾಡಿ, "ಒಂದು ದಿನಾನೂ ಇಲ್ಲ!" ಎಂದ. "ನಲವತ್ತೊಂದು ವರ್ಷ!"

"ಮನೇಲಿ ಎಷ್ಟು ಜನ?"

"ಈಗ ಇಬ್ಬರು. ಒಂದು ಕಾಲದಲ್ಲಿ ಒಂಬತ್ತು ಜನ ಇದ್ವಿ."

"ಒಂಬತ್ತು ಜನ, ನಲವತ್ತೊಂದು ವರ್ಷ" ಎಂದಳು ಒರ್ಲಾ. "ಹೋಗಿದ್ದೆಲ್ಲ ಎಲ್ಲಿಗೆ ಹೋಯ್ತು?"

ಇಷ್ಟು ಸರಳವಾದ ಪ್ರಶ್ನೆಯನ್ನು ಗುಡ್ಡದಲ್ಲಿ ಯಾರೂ ಅವನಿಗೆ ಕೇಳಿರಲಿಲ್ಲ. ಮ್ಯಾಲಕಿ ಟ್ಯಾಂಕಿನೊಳಗೆ ಬಗ್ಗಿ ನೋಡಿದ, ಆಕಾಶ ನೋಡಿದ.

"ಕೆಳಗೆ" ಎಂದ.

"ಕೆಳಗೆ ಅಂದ್ರೆ ಎಲ್ಲಿ?"

"ಕೆಳಗೆ ಅಂದ್ರೆ… ಕೆಳಗೇ ಅಮ್ಮ."

ಟ್ಯಾಂಕಿನ ತಳ ಬಿರುಕು ಬಿಟ್ಟಿದೆ, ಗುಡ್ಡವೆಲ್ಲ ಸುಣ್ಣದ ಕಲ್ಲು, ಕಲ್ಲಿನೊಳಗೆಲ್ಲ ಸಂದುಗಳು, ನೀರು ಎಲ್ಲಿ ಇಳಿದು ಎಲ್ಲಿ ಏಳುತ್ತದೋ ಬರಿಗಣ್ಣಿಗೆ ತಿಳಿಯುವುದಿಲ್ಲ ಎಂದು ಒರ್ಲಾ ವಿವರಿಸಿದಳು. ಚೀಲದಿಂದ ಒಂದು ಪುಡಿ ತೆಗೆದು ಕಕ್ಕಸಿಗೆ ಸುರಿದು ಮೂರು ಸಲ ನೀರು ಬಿಡಿಸಿದಳು. ನೀರು ಗಿಣಿಹಸಿರಾಯಿತು. "ಇದರಿಂದ ಯಾರಿಗೂ ತೊಂದರೆ ಇಲ್ಲ. ಆದರೆ ಈ ಬಣ್ಣ ಎಲ್ಲೇ ಕಂಡ್ರೂ ನನಗೆ ಫೋನ್ ಮಾಡಿ" ಎಂದು ಕಾರ್ಡು ಕೊಟ್ಟಳು. ಕೆಳಗಿನ ತೊರೆಯ ದಂಡೆಯಲ್ಲಿ ಸಂಜೆಯವರೆಗೂ ಕಾದಳು. ತೊರೆ ತಿಳಿಯಾಗಿಯೇ ಹರಿಯಿತು. ಅವಳ ಕಾರು ತಿರುವು ದಾಟಿದ್ದೇ ತಡ, ಮ್ಯಾಲಕಿ ಪಬ್ಬಿಗೆ ನುಗ್ಗಿದ.

"ಬಣ್ಣಾನೂ ಜೀರ್ಣ ಮಾಡ್ಕೊಂಡಿದೆ ಕಣ್ರೋ!"

ಶುಕ್ರವಾರ ಬೆಳಿಗ್ಗೆ ಗುಡ್ಡದ ಬುಡದ ಕಣ್ಣಿನ ಬಾವಿ ಹಸಿರಾಗಿತ್ತು.

ಕಣ್ಣಿನ ಬಾವಿ ಸಂತರ ಬಾವಿ, ಅದರ ನೀರು ನಮಗೆ ತೀರ್ಥ. ಅದರಲ್ಲಿ ಕಣ್ಣು ತೊಳೆದರೆ ಪೊರೆ ಹರಿಯುತ್ತದೆಂದು ನಮ್ಮ ಅಜ್ಜಿಯರ ಅಜ್ಜಿಯರು ನಂಬಿದ್ದರು. ಕನ್ಸೆಪ್ಟಾ ಅತ್ತೆಯ ಮನೆ ಬಾವಿಯ ಪಕ್ಕದಲ್ಲೇ. ಎಪ್ಪತ್ತು ವರ್ಷದಿಂದ ಅವಳು ದಿನಾ ಬೆಳಿಗ್ಗೆ ಅದರ ಒಂದು ಲೋಟ ನೀರು ಕುಡಿದೇ ಟೀ ಮುಟ್ಟುವುದು. ಪ್ರತಿ ವಸಂತದಲ್ಲೂ ಹೊಟ್ಟೆ ಕೆಟ್ಟು ಹದಿನೈದು ದಿನ ಹಾಸಿಗೆ ಹಿಡಿಯುವುದೂ ಸುಮಾರು ನಲವತ್ತು ವರ್ಷದ ರೂಢಿ. ಹಿಂದಿನ ವರ್ಷ ಆಸ್ಪತ್ರೆಗೇ ಸೇರಿಸಿದ್ದರು. ಇನ್ನೊಂದು ಸಲ ಹೀಗಾದರೆ ಈ ದೇಹ ತಡೆಯುವುದಿಲ್ಲ ಎಂದು ಡಾಕ್ಟರು ಮ್ಯಾಲಕಿಯನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಅತ್ತೆಯ ಎರಡು ಕಣ್ಣಲ್ಲೂ ಪೊರೆ. ಅವಳಿಗೆ ಪ್ರಪಂಚವೆಲ್ಲ ಬೂದಿಬಣ್ಣ. ಆ ಬೆಳಿಗ್ಗೆ ಬಾವಿಗೆ ಬಗ್ಗಿದವಳಿಗೆ ಹೊಳೆಹೊಳೆಯುವ ಹಸಿರು ಕಂಡಿತು. ಅವಳು ಕಿರುಚಿದ್ದು ಮೇಲಿನ ಮನೆಯವರೆಗೂ ಕೇಳಿಸಿತು.

"ಬಣ್ಣ ಕಾಣ್ತಿದೆ! ದೇವರೇ, ನನಗೆ ಬಣ್ಣ ಕಾಣ್ತಿದೆ!"

ಮಧ್ಯಾಹ್ನದ ಹೊತ್ತಿಗೆ ನಲವತ್ತು ಜನ, ಸಂಜೆಗೆ ಮುನ್ನೂರು. ಪಕ್ಕದ ಊರಿನಿಂದ ಬಸ್ಸು ಬಂತು. ಬಾಟಲಿ, ಕ್ಯಾನು, ಮಗುವಿನ ಹಾಲಿನ ಶೀಷೆ, ಕೊನೆಗೆ ಒಬ್ಬ ಗಂಬೂಟು ಸಹ ತಂದಿದ್ದ. ಪೇಕಿ ಹೆನಗನ್ ಜಪಮಾಲೆ ಹಿಡಿದು ಮುಂದೆ ನಿಂತು ಪ್ರಾರ್ಥನೆ ಹೇಳಿಸಿದ. ಕುರಿ ಎಣಿಸುವಾಗ ಬಿಟ್ಟರೆ ಅವನು ಇಷ್ಟು ಭಕ್ತಿಯಿಂದ ತುಟಿ ಅಲ್ಲಾಡಿಸಿದ್ದನ್ನು ನಾನು ನೋಡಿರಲಿಲ್ಲ. ಕನ್ಸೆಪ್ಟಾ ಅತ್ತೆ ದಿನಕ್ಕೆ ಒಂದಿದ್ದ ಲೋಟವನ್ನು ಆರಕ್ಕೆ ಏರಿಸಿದಳು.

ಮ್ಯಾಲಕಿ ಗುಂಪಿನ ಹಿಂದಿನಿಂದ ಇಣುಕಿ ನೋಡಿದ. ಅವನ ಮುಖವೂ ಬಾವಿಯ ಬಣ್ಣಕ್ಕೆ ತಿರುಗಿತು.

ಮನೆಗೆ ಬಂದಾಗ ಡಿಂಪ್ನಾ ಬಾಗಿಲಲ್ಲೇ ಇದ್ದಳು. "ಅದೇ ಬಣ್ಣ ತಾನೆ?"

"ಹಸಿರಿನಲ್ಲಿ ತುಂಬಾ ಥರ ಇರುತ್ತೆ ಡಿಂಪ್ನಾ."

"ನಿಮ್ಮನ್ನ ಸಾಕಿದವಳಿಗೆ ಏನು ಕುಡಿಸ್ತಿದೀರಿ ಗೊತ್ತಾ? ಹೋಗಿ ಹೇಳಿ."

"ಏನಂತ ಹೇಳ್ಲಿ? ಮುನ್ನೂರು ಜನ ಮಂಡಿಯೂರಿ ಕೂತಿದ್ದಾರೆ! ಈ ತೀರ್ಥ ನಮ್ಮನೆ ಕಕ್ಕಸಿಂದ ಬಂತು ಅನ್ಲಾ?"

"ಹಾಗೇ ಅನ್ನಿ."

ಮ್ಯಾಲಕಿ ಹಾಗೆ ಅನ್ನಲಿಲ್ಲ. ಹಲಗೆಯ ಮೇಲೆ 'ಕುಡಿಯಬೇಡಿ' ಎಂದು ಬರೆದು, ಯಾರೂ ನೋಡದಾಗ ಬಾವಿಯ ಕಟ್ಟೆಗೆ ಒರಗಿಸಿ ಬಂದ. ಪೇಕಿ ಅದನ್ನು ಕಿತ್ತು ಮೊಣಕಾಲಿಗೆ ಕೊಟ್ಟು ಮುರಿದ. "ಕೌಂಟಿಯವರ ಕಿತಾಪತಿ! ಮೊದಲು ನಮ್ಮ ಟ್ಯಾಂಕಿಗೆ ಬಂದ್ರು, ಈಗ ನಮ್ಮ ದೇವರಿಗೆ ಬರ್ತಿದಾರೆ!" ಎಂದು ಕೂಗಿದ. ಜನ ರೊಚ್ಚಿಗೆದ್ದು ಇನ್ನೊಂದೊಂದು ಲೋಟ ಹೆಚ್ಚಾಗಿ ಕುಡಿದರು.

ಶನಿವಾರ ಮ್ಯಾಲಕಿಗೆ ಒಂದು ಉಪಾಯ ಹೊಳೆಯಿತು. ತಾನು ಹೇಳಿದರೆ ತಾನೆ ಮರ್ಯಾದೆ ಹೋಗುವುದು? ಫಾದರ್ ಕಿಲ್ಕೆಲಿಯವರ ಬಾಯಲ್ಲಿ ಹೇಳಿಸಿದರೆ ಜನವೂ ಕೇಳುತ್ತಾರೆ, ತನ್ನ ಹೆಸರೂ ಬರುವುದಿಲ್ಲ. ಗುಟ್ಟಾಗಿ ಹೇಳಲು ಎಲ್ಲಕ್ಕಿಂತ ಸುರಕ್ಷಿತವಾದ ಜಾಗ ಯಾವುದು? ನೇರವಾಗಿ ಚರ್ಚಿಗೆ ಹೋಗಿ ಪಾಪನಿವೇದನೆಯ ಗೂಡಿನಲ್ಲಿ ಮಂಡಿಯೂರಿ, ಟ್ಯಾಂಕು, ಬಿರುಕು, ಬಣ್ಣ, ಕೋಳಿ ಎಲ್ಲವನ್ನೂ ಒಪ್ಪಿಸಿಬಿಟ್ಟ. ಆ ಮಾತುಕತೆಯನ್ನು ಎಷ್ಟೋ ದಿನದ ಮೇಲೆ ಮ್ಯಾಲಕಿಯೇ ನನಗೆ ಹೇಳಿದ.

ಜಾಲರಿಯ ಆಚೆ ಫಾದರ್ ನರಳಿದರಂತೆ.

"ಅಯ್ಯೋ ಮಾರಾಯ! ಇದನ್ನ ನನ್ನ ಅಡುಗೆಮನೇಲಿ ಬಂದು ಹೇಳಬಾರದಿತ್ತಾ?"

"ಯಾಕೆ ಫಾದರ್?"

"ಅಡುಗೆಮನೇಲಿ ನನಗೆ ಬಾಯಿ ಇದೆ ಕಣಯ್ಯ! ಇಲ್ಲಿ ಕೇಳಿದ್ದನ್ನ ನಾನು ಸಾಯೋವರೆಗೂ ಉಸಿರೆತ್ತೋ ಹಾಗಿಲ್ಲ. ಸನ್ನೇನೂ ಮಾಡೋ ಹಾಗಿಲ್ಲ. ನಾಳೆ ಪೂಜೆ ಆದ್ಮೇಲೆ ಆ ಬಾವಿ ಹತ್ರ ಪ್ರಾರ್ಥನೆ ಮಾಡ್ತೀನಿ ಅಂತ ಊರಿಗೆಲ್ಲ ಮಾತು ಕೊಟ್ಟಿದೀನಿ!"

"ಹಾಗಾದ್ರೆ ಈಗಲೇ ಅಡುಗೆಮನೆಗೆ ಬಂದು ಇನ್ನೊಂದು ಸಲ ಹೇಳ್ಲಾ?"

"ನನಗಲ್ಲ! ಅವರಿಗೆ ಹೇಳು! ಪ್ರಾಯಶ್ಚಿತ್ತ ಅಂತಾನೇ ಇಟ್ಕೋ. ನಾಳೆ, ಎಲ್ಲರ ಎದುರಿಗೆ. ನಿಮ್ಮತ್ತೆ ಮುಂದೆ ಮೊದಲು!"

ಮ್ಯಾಲಕಿ ತಲೆ ತಗ್ಗಿಸಿ ಮನೆಗೆ ಬಂದ. ಡಿಂಪ್ನಾ ಅವನ ಮುಖ ನೋಡಿದಳು, ಕೋಟಿನ ಜೇಬಿನಿಂದ ಒರ್ಲಾಳ ಕಾರ್ಡು ತೆಗೆದಳು, ಫೋನಿನ ಹತ್ತಿರ ಹೋದಳು.

ಭಾನುವಾರ ಬಾವಿಯ ಹಸಿರು ತೆಳುವಾಗತೊಡಗಿತ್ತು. ಕೃಪೆ ಇಳಿದುಹೋಗುವ ಮುಂಚೆ ಕುಡಿಯಬೇಕೆಂದು ಜನ ಒಬ್ಬರ ಮೇಲೊಬ್ಬರು ಬಿದ್ದರು. ಫಾದರ್ ಕಿಲ್ಕೆಲಿ ಬಿಳಿಚಿಕೊಂಡು ಬಂದು ನಿಂತರು. ಪೇಕಿ ಒಂದು ಲೋಟ ತುಂಬಿ ಅವರ ಕೈಗಿಟ್ಟ. ಫಾದರ್ ಲೋಟವನ್ನು ನೋಡಿದರು, ಮ್ಯಾಲಕಿಯನ್ನು ನೋಡಿದರು, ಲೋಟವನ್ನು ಮತ್ತೆ ನೋಡಿದರು. "ನಾನು… ಇವತ್ತು ಉಪವಾಸ" ಎಂದರು.

"ಎಂಥ ಪುಣ್ಯಾತ್ಮರು!" ಎಂದರು ಹೆಂಗಸರು.

ಕನ್ಸೆಪ್ಟಾ ಅತ್ತೆ ಆಗ ತನ್ನ ಲೋಟ ಎತ್ತಿದಳು. ಆ ದಿನ ಬೆಳಗಿನಿಂದ ಅವಳ ಹೊಟ್ಟೆ ಸರಿಯಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಲೋಟ ತುಟಿಗೆ ತಾಗುವಷ್ಟರಲ್ಲಿ ಮ್ಯಾಲಕಿ ಗುಂಪು ಸೀಳಿಕೊಂಡು ಹೋಗಿ ಅದನ್ನು ಕಿತ್ತು ನೆಲಕ್ಕೆ ಚೆಲ್ಲಿದ.

"ಕುಡೀಬೇಡ ಅತ್ತೆ! ಇದು ನಮ್ಮನೆ ಕಕ್ಕಸಿನ ನೀರು!"

ಪ್ರಾರ್ಥನೆ ನಿಂತಿತು. ಗಂಬೂಟಿನವನು ಬೂಟು ಕೆಳಗಿಟ್ಟ. ಮ್ಯಾಲಕಿ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ: ಟ್ಯಾಂಕಿಗೆ ತಳವಿಲ್ಲ, ಅದು ತುಂಬಲಿಲ್ಲ ಯಾಕೆಂದರೆ ನಿಲ್ಲಲಿಲ್ಲ, ಪುಡಿ ಹಾಕಿದ್ದು ತನ್ನ ಮನೆಯಲ್ಲಿ. ಫಾದರ್ ಕಿಲ್ಕೆಲಿ ಕಣ್ಣು ಮುಚ್ಚಿ ದೇವರಿಗೆ ವಂದಿಸಿದರು. ಆ ದಿನ ಅಲ್ಲಿ ನಡೆದ ನಿಜವಾದ ಪ್ರಾರ್ಥನೆ ಅದೊಂದೇ.

ಆದರೆ ಒಬ್ಬರೂ ನಂಬಲಿಲ್ಲ.

"ಕೇಳಿದ್ರಾ?" ಎಂದ ಪೇಕಿ. "ಪ್ರಶಸ್ತಿ ಬರ್ಲಿಲ್ಲ ಅಂತ ಈಗ ಪವಾಡಾನೇ ನಂದು ಅಂತಿದಾನೆ!"

"ಅಹಂಕಾರ ನೋಡು!" ಎಂದಳೊಬ್ಬಳು. "ಸಂತರ ಬಾವಿಗೆ ಇವನ ಕಕ್ಕಸು ಬೇಕಾಯ್ತಂತೆ!"

ಗುಂಪು ಅವನನ್ನು ತಳ್ಳಾಡುವ ಹೊತ್ತಿಗೆ ಒರ್ಲಾಳ ಕಾರು ಬಂದು ನಿಂತಿತು. ಪಕ್ಕದ ಸೀಟಿನಲ್ಲಿ ಡಿಂಪ್ನಾ. ಒರ್ಲಾ ಯಾರೊಡನೆಯೂ ವಾದ ಮಾಡಲಿಲ್ಲ. "ಈಗ ಹನ್ನೊಂದು ಗಂಟೆ. ಟಾರ್ಪಿಯವರ ಮನೇಲಿ ಕೆಂಪು ಹಾಕ್ತೀನಿ. ನಂಬದವರು ಇಲ್ಲೇ ಕೂತು ನೋಡಿ. ಅಲ್ಲೀವರೆಗೆ ಒಂದು ಹನೀನೂ ಕುಡೀಬೇಡಿ" ಎಂದಳು.

ಜನ ಕೂತರು. ಫ್ಲಾಸ್ಕು ತೆಗೆದರು, ಹಂದಿ ಮಾಂಸದ ಸ್ಯಾಂಡ್‌ವಿಚ್ ಹಂಚಿಕೊಂಡರು. ಮಳೆ ಬಂದು ಹೋಯಿತು, ಮತ್ತೆ ಬಂತು. ಒಂದು ಗಂಟೆ, ಎರಡು ಗಂಟೆ. ಬಾವಿ ತಿಳಿಯಾಗುತ್ತಲೇ ಹೋಯಿತು. ಪೇಕಿ ಹಾಡು ಶುರು ಮಾಡಿದ. ಮೂರಕ್ಕೆ ಹತ್ತು ನಿಮಿಷ ಇರುವಾಗ ಬಾವಿಯ ತಳದ ಕಲ್ಲಿನ ಸಂದಿನಿಂದ ದಾರದಷ್ಟು ತೆಳುವಾದ ಕೆಂಪು ಮೇಲೆದ್ದಿತು. ನೋಡುನೋಡುತ್ತ ಬಾವಿಯ ತುಂಬ ಹಬ್ಬಿತು. ಪೇಕಿಯ ಹಾಡು ಅರ್ಧ ಸಾಲಿನಲ್ಲಿ ನಿಂತಿತು. ಮುನ್ನೂರು ಜನ ಒಟ್ಟಿಗೆ ತಮ್ಮ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ ದೃಶ್ಯವನ್ನು ನಾನು ಇನ್ನೊಮ್ಮೆ ನೋಡಲಾರೆ.

ಎಲ್ಲರೂ ಮ್ಯಾಲಕಿಯ ಕಡೆ ತಿರುಗಿದರು. ಅವನು ಅತ್ತೆಯ ಮುಂದೆ ಕೆಸರಿನಲ್ಲಿ ಮಂಡಿಯೂರಿದ್ದ.

"ತಪ್ಪಾಯ್ತು ಅತ್ತೆ. ವರ್ಷಾ ವರ್ಷಾ ನಿನ್ನ ಮಲಗಿಸಿದ್ದು ನಾನೇ."

ಅತ್ತೆ ಅವನ ತಲೆಗೊಂದು ಮೊಟಕಿದಳು. "ಏಳೋ ಮೇಲೆ. ಪ್ಯಾಂಟು ಹಾಳಾಗುತ್ತೆ." ಆಮೇಲೆ ಆ ಪೊರೆ ಕಟ್ಟಿದ ಕಣ್ಣುಗಳಿಂದ ಗುಡ್ಡವನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ನೋಡಿದಳು. ಒಂದೊಂದೇ ಮನೆಗೆ ಬೆರಳು ತೋರಿಸಿ ಎಣಿಸಿದಳು. "ಬಾವಿಯಿಂದ ಮೇಲಕ್ಕೆ ಹನ್ನೊಂದು ಮನೆ. ಇವನದು ಒಂದು. ಮಗಳೇ, ಆ ಚೀಲದಲ್ಲಿ ಇನ್ನೂ ಎಷ್ಟು ಬಣ್ಣ ಇದೆ?"

"ಬೇಕಾದಷ್ಟಿದೆ ಅಮ್ಮ" ಎಂದಳು ಒರ್ಲಾ.

ಗುಂಪು ಕರಗಿದ ವೇಗಕ್ಕೆ ಹೋಲಿಕೆ ಸಿಗುವುದಿಲ್ಲ. ಪೇಕಿಗೆ ಕುರಿ ಈಯುವುದು ನೆನಪಾಯಿತು; ಅದು ಆಗಸ್ಟ್ ತಿಂಗಳು, ನಮ್ಮಲ್ಲಿ ಕುರಿ ಈಯುವುದು ವಸಂತದಲ್ಲಿ. ಇನ್ನೊಬ್ಬನಿಗೆ ಒಲೆಯ ಮೇಲೆ ಆಲೂಗಡ್ಡೆ ಇಟ್ಟು ಬಂದದ್ದು ನೆನಪಾಯಿತು. ನಾನೂ ಮೆಲ್ಲಗೆ ಸೈಕಲ್ಲಿನ ಕಡೆ ಜಾರಿದೆ.

"ನೀನೆಲ್ಲಿಗಪ್ಪ?" ಎಂದಳು ಅತ್ತೆ.

"ಕಾಗದ ಹಂಚೋದಿದೆ ಅತ್ತೆ."

"ಭಾನುವಾರ?"

ಒರ್ಲಾ ನನ್ನ ಕಡೆ ನೋಡಿ ನಕ್ಕಳು. ನಮ್ಮ ಮನೆ ಮ್ಯಾಲಕಿಯ ಮನೆಗಿಂತ ಎರಡು ಹೊಲ ಮೇಲಿದೆ. ಟ್ಯಾಂಕಿನ ಬಗ್ಗೆ ನಾನು ಯಾರ ಮುಂದೆಯೂ ಜಂಬ ಕೊಚ್ಚಿಕೊಂಡವನಲ್ಲ, ಯಾಕೆಂದರೆ ನಮ್ಮ ಮನೆಯಲ್ಲಿ ಟ್ಯಾಂಕು ಇದೆಯೋ ಇಲ್ಲವೋ ಎಂಬುದೇ ನನಗೆ ಗೊತ್ತಿರಲಿಲ್ಲ. ಮಂಗಳವಾರ ಅವಳು ಬಂದು ನೀಲಿ ಹಾಕಿದಳು. ನೀಲಿ ಬಾವಿಗೆ ಬಂದು ತಲುಪಿತು, ಮ್ಯಾಲಕಿಯ ಕೆಂಪಿಗಿಂತ ನಲವತ್ತು ನಿಮಿಷ ಬೇಗ. ಈ ವಿಷಯವನ್ನು ಈಗ ಪಬ್ಬಿನಲ್ಲಿ ಮ್ಯಾಲಕಿ ಬಹಳ ಚೆನ್ನಾಗಿ ಹೇಳುತ್ತಾನೆ.

ಆ ಚಳಿಗಾಲವೆಲ್ಲ ಗುಡ್ಡದಲ್ಲಿ ಅಗೆತವೋ ಅಗೆತ. ಹನ್ನೊಂದರಲ್ಲಿ ಒಂಬತ್ತು ಟ್ಯಾಂಕು ಹೊಸದಾದವು. ಪೇಕಿಯದು ಎಲ್ಲಕ್ಕಿಂತ ಕೊನೆಗೆ, ಅವನ ನಾಯಿ ಒರ್ಲಾಳ ಹಿಂದೆ ಬಾಲ ಅಲ್ಲಾಡಿಸುತ್ತ ಓಡಾಡಲು ಶುರು ಮಾಡಿದ ಮೇಲೆ. ಬಾವಿಯ ನೀರು ಪರೀಕ್ಷೆಯಲ್ಲಿ ಪಾಸಾಗುವವರೆಗೆ ದಿನಾ ಬೆಳಿಗ್ಗೆ ಅತ್ತೆಗೆ ಪೇಟೆಯ ನಲ್ಲಿ ನೀರು ತಂದುಕೊಡುವ ಕೆಲಸ ಮ್ಯಾಲಕಿಗೂ ನನಗೂ ಬಿತ್ತು.

ವಸಂತ ಬಂತು. ಅತ್ತೆ ಹಾಸಿಗೆ ಹಿಡಿಯಲಿಲ್ಲ. ಈಸ್ಟರ್ ವಾರದಲ್ಲಿ ನಾವು ಕ್ಯಾನು ಹೊತ್ತು ಹೋದಾಗ ಅವಳು ಸೊಂಟಕ್ಕೆ ಬಟ್ಟೆ ಬಿಗಿದು ಆಲೂಗಡ್ಡೆಯ ಸಾಲು ತೆಗೆಯುತ್ತಿದ್ದಳು. ಮ್ಯಾಲಕಿ ಬೇರೆ ಕಡೆ ತಿರುಗಿ ಕಣ್ಣೊರೆಸಿಕೊಂಡ. ಅತ್ತೆ ಕೈ ಒರೆಸಿಕೊಂಡು ಬಂದು, ಒಂದು ಲೋಟ ಬಗ್ಗಿಸಿಕೊಂಡು ಕುಡಿದಳು, ಬಾಯಿ ಚಪ್ಪರಿಸಿದಳು, ಮುಖ ಹುಳಿ ಮಾಡಿದಳು.

"ನೀರೇನೋ ಚೊಕ್ಕವಾಗಿದೆ. ಆದರೆ ಆ ಹಳೇ ರುಚಿ ಇಲ್ಲ ಕಣ್ರೋ. ಬಾವಿ ನೀರಲ್ಲಿ ಏನೋ ಒಂದು ಸೊಗಡು ಇತ್ತು. ಅದೇನಿರಬಹುದು?"

ನಾವಿಬ್ಬರೂ ಒಟ್ಟಿಗೆ ಬೂಟಿನ ಲೇಸು ಕಟ್ಟಿಕೊಳ್ಳಲು ಬಗ್ಗಿದೆವು.